ಬಾಲಮಂದಿರದಿಂದ ಬಾಡಿಗೆ ರೂಮಿಗೆ: 18 ತುಂಬಿದವರ ಜೊತೆ ನಿಲ್ಲುವುದು ಹೇಗೆ?

ರಾಯಚೂರಿನ ಒಂದು ಬಾಡಿಗೆ ರೂಮಿನಿಂದ ರಾತ್ರಿ ಹತ್ತೂವರೆಗೆ ನನಗೆ ಫೋನ್ ಬಂತು. ಹುಡುಗ ಬಾಲಮಂದಿರ ಬಿಟ್ಟು ಅದು ಮೂರನೇ ದಿನ. "ಅಕ್ಕಾ, ಇಲ್ಲಿ ಊಟದ ಗಂಟೆ ಹೊಡಿಯಂಗಿಲ್ಲ. ಹೊತ್ತಾಗಿದ್ದೇ ಗೊತ್ತಾಗ್ಲಿಲ್ಲ, ಹೋಟೆಲ್ ಎಲ್ಲಾ ಬಂದ್ ಆಗ್ಯಾವ" ಅಂದ. ವರ್ಷಗಟ್ಟಲೆ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡವನು ಅವನು. ಸೋಪು ಯಾವುದು, ದೀಪ ಆರಿಸುವುದು ಯಾವಾಗ ಅನ್ನುವುದನ್ನೂ ಬೇರೆಯವರೇ ಹೇಳುತ್ತಿದ್ದರು. ಇಂಥ ಮಕ್ಕಳ ಜೊತೆ ನಿಲ್ಲಬೇಕು ಅಂತ ನಿಮಗೆ ಮನಸ್ಸಿದ್ದರೆ, ನಾನು ಕಲಿತದ್ದನ್ನು ಹೇಳುತ್ತೇನೆ.

18 ತುಂಬುವ ಮೊದಲೇ ಶುರು ಮಾಡಿ

2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ, 18 ತುಂಬಿ ಸಂಸ್ಥೆ ಬಿಡುವವರಿಗೆ ಹಣದ ನೆರವು ಸಿಗಬಹುದು. ಇದಕ್ಕೆ ಆಫ್ಟರ್‌ಕೇರ್ ಅಂತಾರೆ. ಸಾಮಾನ್ಯವಾಗಿ 21ರ ವರೆಗೆ, ವಿಶೇಷ ಸಂದರ್ಭದಲ್ಲಿ 23ರ ವರೆಗೆ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಇದಕ್ಕೆ ತಿಂಗಳಿಗೆ ₹4,000 ಇದೆ. ಆದರೆ ಹುಟ್ಟುಹಬ್ಬದ ದಿನ ಅದು ತಾನಾಗಿ ಬಂದು ಬೀಳುವುದಿಲ್ಲ. ಮಗು ಹೊರಡುವ ಎರಡು ತಿಂಗಳ ಮೊದಲೇ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು ಅಂತ ನಿಯಮವಿದೆ. ಅದಾಗಿದೆಯಾ ಅಂತ ಸಂಸ್ಥೆಯಲ್ಲಿ ಕೇಳಿ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಫೈಲ್ ಎಲ್ಲಿದೆ ಅಂತ ವಿಚಾರಿಸಿ. ಯಾವ ದಿನ ಹೋದಿರಿ, ಯಾರನ್ನು ಕಂಡಿರಿ ಅಂತ ಬರೆದಿಟ್ಟುಕೊಳ್ಳಿ. ನಾನು ನಾಲ್ಕು ಸಲ ಹೋಗಿದ್ದೆ. ನಾಲ್ಕನೇ ಸಲಕ್ಕೆ ಫೈಲ್ ಮುಂದೆ ಹೋಯಿತು.

ಕೋವಿಡ್‌ನಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡವರಾಗಿದ್ದರೆ ಪಿಎಂ ಕೇರ್ಸ್ ಫಾರ್ ಚಿಲ್ಡ್ರನ್ ಅನ್ನುವ ಕೇಂದ್ರದ ಯೋಜನೆಯಲ್ಲಿ ಹೆಸರಿದೆಯಾ ನೋಡಿ. ಅದರಲ್ಲಿ 18ರಿಂದ ತಿಂಗಳ ಹಣ, 23 ತುಂಬಿದಾಗ ₹10 ಲಕ್ಷ ಇದೆ.

ಕಾಗದಪತ್ರ

ಆಧಾರ್, ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ ಇದ್ದರೆ ಅದು, ಸಮಿತಿಯ ಆದೇಶದ ಪ್ರತಿ, ಎಲ್ಲವೂ ಒಂದೇ ಫೈಲಿನಲ್ಲಿರಲಿ. ಆ ಫೈಲ್ ಹುಡುಗನ ಕೈಯಲ್ಲೇ ಇರಲಿ, ನಿಮ್ಮ ಬೀರುವಿನಲ್ಲಿ ಬೇಡ. ನೀವು ಜೆರಾಕ್ಸ್ ಇಟ್ಟುಕೊಂಡರೆ ಸಾಕು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಜನನ ಪ್ರಮಾಣಪತ್ರ. ಹುಟ್ಟಿ ವರ್ಷ ದಾಟಿದ ಮೇಲೆ ನೋಂದಣಿ ಮಾಡಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಸಂಸ್ಥೆಯವರೂ ಸಮಿತಿಯವರೂ ಜೊತೆಗಿದ್ದಾಗಲೇ ಈ ಕೆಲಸ ಮುಗಿಸಿಕೊಳ್ಳಿ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯವರಿಗೆ ಇದು ಇನ್ನೂ ಮುಖ್ಯ, ಯಾಕಂದ್ರೆ ಕಲ್ಯಾಣ ಕರ್ನಾಟಕದವರಿಗೆ ಓದು, ಸರ್ಕಾರಿ ಕೆಲಸದಲ್ಲಿ ಇರುವ 371ಜೆ ಮೀಸಲಾತಿಗೆ ಈ ಭಾಗದವರು ಅನ್ನುವ ದಾಖಲೆ ಬೇಕು. ಅಪ್ಪ-ಅಮ್ಮನ ಕಾಗದ ತೋರಿಸಲಾಗದ ಹುಡುಗನಿಗೆ ತಾನು ಹುಟ್ಟಿದ್ದು ಇಲ್ಲೇ ಅನ್ನುವ ಒಂದು ಹಾಳೆ ದೊಡ್ಡ ಆಸರೆ. ತೊಡಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ರೂಮು ಹುಡುಕುವಾಗ ನೀವೂ ಹೋಗಿ

ಮನೆ ಮಾಲೀಕರ ಮೊದಲ ಪ್ರಶ್ನೆಯೇ "ಯಾರ ಮಗ? ಯಾವ ಊರು? ಯಾವ ಮಂದಿ?" ಬಾಡಿಗೆ ಮಾತು ಆಮೇಲೆ. ಈ ಮೂರು ಪ್ರಶ್ನೆಗೆ ಹುಡುಗ ತಲೆ ತಗ್ಗಿಸಿ ನಿಂತದ್ದನ್ನು ನೋಡಿದ್ದೇನೆ, ಹೊಟ್ಟೆ ಚುರ್ ಅಂತು. ಸುಳ್ಳು ಹೇಳಿಸಬೇಡಿ, ಇಡೀ ಕಥೆಯನ್ನೂ ಬಿಚ್ಚಬೇಡಿ. "ನಮ್ಮ ಹುಡುಗ ರೀ, ಇಲ್ಲೇ ಐಟಿಐ ಓದ್ತಾನ, ಏನಿದ್ರೂ ನನಗ ಫೋನ್ ಮಾಡ್ರಿ" ಅಂದರೆ ಮುಗಿಯಿತು. "ಪಾಪ, ಅನಾಥ ಹುಡುಗ" ಅಂತ ಮಾತ್ರ ಪರಿಚಯಿಸಬೇಡಿ. ಅವನ ಕಥೆ ಯಾರಿಗೆ ಹೇಳಬೇಕು ಅನ್ನುವುದು ಅವನಿಗೆ ಬಿಟ್ಟದ್ದು. ಅವನ ಫೋಟೊ ಸ್ಟೇಟಸ್‌ಗೆ ಹಾಕುವುದೂ ಬೇಡ.

ಬಾಡಿಗೆ ಕಡಿಮೆ ಅಂತ ಮಾಳಿಗೆ ಮೇಲಿನ ತಗಡಿನ ರೂಮು ಹಿಡಿಯಬೇಡಿ. ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದವನು ಹಗಲು ಅದರೊಳಗೆ ಮಲಗುವುದು ಹೇಗೆ? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಕರೆಂಟ್ ಬಿಲ್ ಯಾರದ್ದು, ಅಡ್ವಾನ್ಸ್ ವಾಪಸ್ ಯಾವಾಗ, ಇದೆಲ್ಲಾ ಕರಾರು ಪತ್ರದಲ್ಲಿ ಬರಲಿ. ಒಂದೇ ಸಂಸ್ಥೆಯಿಂದ ಬಂದ ಇಬ್ಬರು ಮೂವರು ಸೇರಿ ರೂಮು ಮಾಡಿದರೆ ಇನ್ನೂ ಒಳ್ಳೆಯದು. ಬಾಲನ್ಯಾಯ ನಿಯಮಗಳಲ್ಲೂ ಆರರಿಂದ ಎಂಟು ಜನ ಒಟ್ಟಿಗಿರುವ ಮನೆಯ ಮಾತಿದೆ.

ದುಡ್ಡು

ಬ್ಯಾಂಕಿಗೆ ಜೊತೆಗೆ ಹೋಗಿ, ಚಿಕ್ಕವನಿದ್ದಾಗ ತೆಗೆದ ಖಾತೆಗೆ ಹೊಸ ಸಹಿ, ಹೊಸ ಕೆವೈಸಿ ಮಾಡಿಸಿ. ಹಣ ಬಂದ ದಿನವೇ ಬಾಡಿಗೆ ಬೇರೆ ತೆಗೆಯಲಿ. ಮೊದಲ ತಿಂಗಳು ಲೆಕ್ಕ ತಪ್ಪುತ್ತದೆ, ಬಯ್ಯಬೇಡಿ. ನಮ್ಮ ಮಕ್ಕಳೂ ಮೊದಲ ಸಂಬಳದಲ್ಲಿ ಮೊಬೈಲ್ ತೆಗೆದುಕೊಳ್ಳುತ್ತಾರೆ ಅಲ್ವಾ? ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿ: "ನಿನ್ನ ಅಕೌಂಟ್ ಸ್ವಲ್ಪ ದಿನ ಕೊಡು, ದುಡ್ಡು ಕೊಡ್ತೀನಿ" ಅಂತ ಯಾರು ಬಂದರೂ ಕೊಡಬಾರದು. ಅದು ಸೈಬರ್ ವಂಚನೆಯ ದುಡ್ಡು ಸಾಗಿಸುವ ದಾರಿ. ಪೊಲೀಸರು ಹುಡುಕಿಕೊಂಡು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರನ್ನು.

ಕೆಲಸ, ಓದು

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಬಳ್ಳಾರಿಯ ಜೀನ್ಸ್ ಘಟಕ, ಗಂಗಾವತಿ-ಸಿಂಧನೂರಿನ ರೈಸ್ ಮಿಲ್, ಎಲ್ಲಾದರೂ ಕೂಲಿ ಕೆಲಸ ಬೇಗ ಸಿಗುತ್ತದೆ. ಹಾಗಂತ ಓದು ಬಿಡಿಸಬೇಡಿ. ಐಟಿಐ, ಡಿಪ್ಲೊಮಾಗೆ ಹೋಗುವವನಿಗೆ ಸರ್ಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ. ಸ್ವಂತ ಕೆಲಸ ಮಾಡುವ ಆಸೆ ಇದ್ದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಆರ್‌ಸೆಟಿಯಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿ ಇದೆ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು. 18 ಆಯಿತು ಅಂದ ಕೂಡಲೇ "ಒಳ್ಳೆ ಹುಡುಗ ಇದ್ದಾನ, ಮದುವೆ ಮಾಡಿ ಕೈ ತೊಳ್ಕೊಳ್ರಿ" ಅನ್ನುವವರು ಬರುತ್ತಾರೆ. ತವರೇ ಇಲ್ಲದ ಹುಡುಗಿ ಮುನಿಸಿಕೊಂಡರೆ ಎಲ್ಲಿಗೆ ಬರಬೇಕು? ಮೊದಲು ಅವಳ ಕೈಗೊಂದು ಕೆಲಸ, ಅವಳ ಹೆಸರಿನಲ್ಲೊಂದು ಖಾತೆ ಆಗಲಿ. ಮದುವೆ ಅವಳು ಬೇಕು ಅಂದಾಗ.

ಫೋನ್ ಎತ್ತಿ

ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ, ಅವತ್ತು ನೀವೇ ಫೋನ್ ಮಾಡಿ. "ಕೆಲಸ ಹೆಂಗೈತಿ" ಅನ್ನುವ ಮೊದಲು "ಉಂಡ್ಯಾ?" ಅಂತ ಕೇಳಿ. ಮಾತು ತೀರಾ ಕಡಿಮೆಯಾಯಿತು, ನಿದ್ದೆ ಇಲ್ಲ ಅನ್ನುತ್ತಾನೆ ಅಂದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡಿ, ಪಕ್ಕದಲ್ಲಿ ಕೂತು ನೀವೇ ಹಚ್ಚಿಕೊಟ್ಟರೂ ಸರಿ. ಯುಗಾದಿ, ದೀಪಾವಳಿಗೆ ರೂಮಿನಲ್ಲಿ ಒಬ್ಬನೇ ಇರಬಾರದು, ಮನೆಗೆ ಊಟಕ್ಕೆ ಕರೆಯಿರಿ. ನಿಮಗೆ ವರ್ಗವಾಗಿ ಊರು ಬಿಡುವುದಾದರೆ ಒಂದು ತಿಂಗಳ ಮುಂಚೆಯೇ ಹೇಳಿ, ನಿಮ್ಮ ಜಾಗದಲ್ಲಿ ನಿಲ್ಲುವವರನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ, ಮೂವರೂ ಕೂತು ಒಂದು ಚಹಾ ಕುಡಿಯಿರಿ.