ಬಾವಿ ನೀರು ಕೆಟ್ಟರೆ ಪಂಚಾಯತಿಗೆ ಬರೆಯುವುದು ಹೇಗೆ?

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನಮ್ಮ ಕಡೆಯ ಬಾವಿಗಳು ಕೈಗೆಟಕುವಷ್ಟು ತುಂಬುತ್ತವೆ. ನೀರು ಹೆಚ್ಚು ಕೆಡುವುದೂ ಅದೇ ದಿನಗಳಲ್ಲಿ. ಕಾಸರಗೋಡಿನ ಗುಡ್ಡೆಗಳು ಹೆಚ್ಚಿನವು ಮುರಕಲ್ಲಿನವು (ಜಂಬಿಟ್ಟಿಗೆ), ಕಲ್ಲಿನ ತುಂಬ ತೂತು. ಮೇಲಿನ ಮನೆಯ ಪಾಯಿಖಾನೆ ಗುಂಡಿಯಿಂದ ಜಿನುಗಿದ್ದು ಕೆಳಗಿನ ಮನೆಯ ಬಾವಿಗೆ ಇಳಿಯಲು ಬೇರೆ ದಾರಿ ಬೇಕಾಗಿಲ್ಲ.

ಒಂದು ಮಳೆಗಾಲದಲ್ಲಿ ನಮ್ಮ ನೆರೆಕರೆಯಲ್ಲಿ ಒಂದೇ ಬಾವಿಯ ನೀರು ಕುಡಿಯುವ ಎರಡು ಮನೆಗಳಿಗೆ ಕಾಮಾಲೆ ಬಂತು. ಮದ್ದಾಯಿತು, ಪಥ್ಯವಾಯಿತು. ನೀರಿನ ವಿಷಯ ಕೇಳಿದರೆ ‘ಪಂಚಾಯತಿಗೆ ಹೇಳಿದ್ದೇವೆ’ ಎಂದರು. ಹೇಳಿದ್ದು ಅಂಗಡಿ ಜಗಲಿಯಲ್ಲಿ ಮೆಂಬರ್ ಸಿಕ್ಕಿದಾಗ. ಬರೆದು ಕೊಟ್ಟದ್ದು ಏನೂ ಇರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಬಾಯಿಮಾತಿಗೆ ಕಡತ ಹುಟ್ಟುವುದಿಲ್ಲ, ಕಡತ ಇಲ್ಲದೆ ಯಾರನ್ನೂ ಹೊಣೆ ಮಾಡಲಾಗದು.

ಹೊಣೆ ಯಾರದು?

ಕುಡಿಯುವ ನೀರು, ನೈರ್ಮಲ್ಯ, ಆಸ್ಪತ್ರೆ ಇವೆಲ್ಲ ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳೊಳಗೆ ಬರುತ್ತವೆ. ಕೇರಳದಲ್ಲಿ ಇದು ಕಾಗದದಲ್ಲಷ್ಟೇ ಉಳಿದಿಲ್ಲ. 1994ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯತಿನ ಕೈಗೆ ಕೊಟ್ಟಿದ್ದಾರೆ. ನಿಮ್ಮೂರಿನ ಸರಕಾರಿ ಆಸ್ಪತ್ರೆಯ ಮಾಡು ಸೋರಿದರೆ ಅದು ಪಂಚಾಯತಿನ ವಿಷಯ.

ಇನ್ನೊಂದು ಬದಲಾವಣೆ ತಿಳಿದಿರಲಿ. ಮಲಬಾರಿನ ಭಾಗವಾದ ನಮಗೆ ಬಹಳ ಕಾಲ 1939ರ ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಅನ್ವಯವಾಗುತ್ತಿತ್ತು. ಅದರ ಜಾಗಕ್ಕೆ 2023ರಲ್ಲಿ ಕೇರಳ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂತು. ಹೊಸ ಕಾಯ್ದೆಯಲ್ಲಿ ಸ್ಥಳೀಯ ಆಸ್ಪತ್ರೆಯ ವೈದ್ಯಾಧಿಕಾರಿಗೇ ಸಾರ್ವಜನಿಕ ಆರೋಗ್ಯ ಅಧಿಕಾರಿಯ ಹೊಣೆ. ಹಾಗಾಗಿ ನಿಮ್ಮ ಅರ್ಜಿ ಇಬ್ಬರಿಗೆ ಹೋಗಬೇಕು: ಪಂಚಾಯತ್ ಕಾರ್ಯದರ್ಶಿಗೆ ಒಂದು, ವೈದ್ಯಾಧಿಕಾರಿಗೆ ಅದರ ಪ್ರತಿ.

ಮೊದಲು ಅಳತೆ, ಆಮೇಲೆ ಅರ್ಜಿ

ಟೇಪ್ ಹಿಡಿದು ಬಾವಿಯಿಂದ ಪಾಯಿಖಾನೆ ಗುಂಡಿಗೆ ಎಷ್ಟು ದೂರ ಎಂದು ಅಳೆಯಿರಿ. ಕೇರಳದ ಕಟ್ಟಡ ನಿಯಮದ ಪ್ರಕಾರ ಕುಡಿಯುವ ನೀರಿನ ಬಾವಿಯಿಂದ ಏಳೂವರೆ ಮೀಟರ್ ಒಳಗೆ ಪಾಯಿಖಾನೆಯ ಇಂಗುಗುಂಡಿ ಮಾಡುವಂತಿಲ್ಲ. ಐದೇ ಮೀಟರ್ ಇದ್ದರೆ ಆ ಒಂದು ಸಂಖ್ಯೆ ಅರ್ಜಿಯ ಹತ್ತು ಸಾಲುಗಳಿಗಿಂತ ಗಟ್ಟಿ. ಮುರಕಲ್ಲಿನ ಇಳಿಜಾರಿನಲ್ಲಿ ಏಳೂವರೆ ಮೀಟರ್ ಕೂಡ ಸಾಲುವುದಿಲ್ಲ ಎಂಬುದು ನನ್ನ ಅನುಭವ. ಅದಕ್ಕೇ ದೂರ ಸರಿಯಿದ್ದರೂ ನೀರು ಪರೀಕ್ಷೆ ಮಾಡಿಸಿ.

ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯಕ್ಕೆ ನೀರು ಕೊಡಬಹುದು. ರೋಗಾಣು ಪರೀಕ್ಷೆಗೆ ಮನೆಯ ಸೋಡಾ ಬಾಟಲಿ ನಡೆಯುವುದಿಲ್ಲ. ಕ್ರಿಮಿಶುದ್ಧ ಮಾಡಿದ ಬಾಟಲಿ ಬೇಕು, ತೆಗೆದ ನೀರು ತಂಪಿನಲ್ಲಿ ಅದೇ ದಿನ ಪ್ರಯೋಗಾಲಯ ತಲುಪಬೇಕು. ವರದಿ ಬಂದಾಗ ‘ಇ. ಕೋಲಿ’ ಎಂಬ ಸಾಲು ನೋಡಿ. ನೂರು ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಅದು ಒಂದೂ ಇರಬಾರದು. ಇದ್ದರೆ ಮಲ ಸೇರಿದೆ ಎಂದೇ ಅರ್ಥ.

ವರದಿ ಬರುವವರೆಗೆ ಕಾಯಬೇಡಿ. ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ನಾನು ನೋಡಿದ ತಪ್ಪುಗಳಲ್ಲಿ ಇದೇ ದೊಡ್ಡದು: ಪೊಟ್ಟಣ ಹರಿದು ಪುಡಿಯನ್ನು ಹಾಗೆಯೇ ಬಾವಿಗೆ ಸುರಿಯುವುದು. ಪುಡಿ ತಳ ಸೇರುತ್ತದೆ, ನೀರಿಗೆ ನಾತ ಮಾತ್ರ ಉಳಿಯುತ್ತದೆ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ, ಕಾಯಿಲೆ ಹರಡಿದ್ದರೆ ಅದರ ಇಮ್ಮಡಿ. ಮೂರು ಮೀಟರ್ ಅಗಲದ ಉರುಟು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 28,000 ಲೀಟರ್. ಅದಕ್ಕೆ 70 ಗ್ರಾಂ, ಕಾಯಿಲೆ ಇದ್ದರೆ 140. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯ ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಕಲಕಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಪುಡಿ ಹಳತಾದರೆ ಸತ್ವ ಹೋಗುತ್ತದೆ, ತೆರೆದಿಟ್ಟದ್ದನ್ನು ತರಬೇಡಿ. ಆಶಾ ಕಾರ್ಯಕರ್ತೆಯನ್ನು ಕರೆದರೆ ಲೆಕ್ಕ ಹಾಕಲು ಸಹಾಯ ಮಾಡುತ್ತಾರೆ.

ಅರ್ಜಿ ಕನ್ನಡದಲ್ಲೇ ಇರಲಿ

‘ನಮಗೆ ಮಲಯಾಳ ಬರೆಯಲು ಬರುವುದಿಲ್ಲ’ ಎಂದು ಹಿಂದೆ ಸರಿಯುವ ಹಿರಿಯರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಬಹಳ ಮಂದಿ. ಹಿಂಜರಿಯಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ. ಅಹವಾಲನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿಯೂ ಹೇಳುತ್ತದೆ.

ಅರ್ಜಿ ಚಿಕ್ಕದಿರಲಿ. ಹೀಗೆ ಬರೆಯಿರಿ:

‘ಮಾನ್ಯ ಕಾರ್ಯದರ್ಶಿಯವರಿಗೆ, ಈ ವಾರ್ಡಿನಲ್ಲಿ ತೋಡಿನ ಎಡದಂಡೆಗಿರುವ ನಮ್ಮ ಬಾವಿಯಿಂದ ಐದು ಮೀಟರ್ ದೂರದಲ್ಲಿ ಪಾಯಿಖಾನೆ ಗುಂಡಿ ಇದೆ. ನೀರಿನಲ್ಲಿ ಇ. ಕೋಲಿ ಇದೆಯೆಂದು ವರದಿ ಬಂದಿದೆ (ಪ್ರತಿ ಲಗತ್ತಿಸಿದೆ). ಬಾವಿ ಬಳಸುವ ಎರಡು ಮನೆಗಳಲ್ಲಿ ಕಾಮಾಲೆ ಕಾಣಿಸಿದೆ. ಹೆಲ್ತ್ ಇನ್ಸ್‌ಪೆಕ್ಟರ್ ಅವರಿಂದ ಸ್ಥಳ ಪರಿಶೀಲನೆ ಮಾಡಿಸಿ, ಕ್ರಮ ಕೈಗೊಂಡು ಲಿಖಿತ ಉತ್ತರ ಕೊಡಬೇಕಾಗಿ ವಿನಂತಿ.’

ಬೈಗುಳ ಬೇಡ, ನೆರೆಮನೆಯವರ ಹಳೆಯ ಜಗಳವೂ ಬೇಡ. 2025ರ ಚುನಾವಣೆಗೆ ಮೊದಲು ವಾರ್ಡುಗಳನ್ನು ಪುನರ್ವಿಂಗಡಿಸಿದ ಕಾರಣ ವಾರ್ಡ್ ನಂಬರ್ ಬದಲಾಗಿರಬಹುದು. ಹಳೆಯ ರೇಶನ್ ಕಾರ್ಡ್ ನೋಡಿ ಬರೆಯದೆ ಮೆಂಬರರಲ್ಲಿ ಕೇಳಿ. ಕೊಟ್ಟ ಅರ್ಜಿಗೆ ನಂಬರ್ ಇರುವ ರಶೀದಿ ತೆಗೆದುಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಉತ್ತರ ಬಾರದಿದ್ದರೆ

ಪ್ರತಿ ವಾರ್ಡಿನಲ್ಲೂ ಮೆಂಬರ್ ಅಧ್ಯಕ್ಷರಾಗಿರುವ ಆರೋಗ್ಯ ನೈರ್ಮಲ್ಯ ಸಮಿತಿ ಇರುತ್ತದೆ, ಅದಕ್ಕೆ ಖರ್ಚಿನ ಹಣವೂ ಬರುತ್ತದೆ. ಅಲ್ಲಿ ವಿಷಯ ಇಡಿ. ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಲೇಬೇಕು. ಹೆಚ್ಚಿನವರು ಸವಲತ್ತಿನ ಪಟ್ಟಿಗೆ ಹೆಸರು ಸೇರಿಸಿ ಎದ್ದುಬಿಡುತ್ತಾರೆ. ನೀವು ಕೂತುಕೊಳ್ಳಿ, ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ. ಆಮೇಲೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ‘ಈ ನಂಬರಿನ ಅರ್ಜಿಯ ಮೇಲೆ ಯಾವ ದಿನ ಯಾರು ಏನು ಕ್ರಮ ಕೈಗೊಂಡರು’ ಎಂಬ ಒಂದೇ ಪ್ರಶ್ನೆ ಸಾಕು.

ಬರೆದು ಏನಾಗುತ್ತದೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಎಣ್ಮಕಜೆಯನ್ನು ನೆನಪಿಸುತ್ತೇನೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಪತ್ರಕರ್ತ ಶ್ರೀ ಪಡ್ರೆ ಬರೆದರು, ತನ್ನಲ್ಲಿಗೆ ಬರುವ ರೋಗಿಗಳ ಕಾಯಿಲೆಗಳ ಬಗ್ಗೆ ಡಾ. ವೈ.ಎಸ್. ಮೋಹನ್ ಕುಮಾರ್ ಬರೆದರು. ಸಿಂಪಡಣೆ 2000ದ ಕೊನೆಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಎಷ್ಟೋ ಮನೆಗಳಿಗೆ ಅದು ತಡವಾಯಿತು. ಆದರೆ ಕಾಗದದಲ್ಲಿ ದಾಖಲಾಗದೆ ಇದ್ದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ನಮ್ಮ ಅಂಗಳದ್ದು

ಎಲ್ಲವನ್ನೂ ಪಂಚಾಯತಿಗೆ ಬರೆಯಬೇಕಾಗಿಲ್ಲ, ಮಳೆಗಾಲದಲ್ಲಿ ನಾವೇ ಮಾಡಬೇಕಾದ ಕೆಲಸವೂ ಇದೆ. ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಗೆರಟೆ, ರಬ್ಬರ್ ಹಾಲಿನ ಚಿಪ್ಪು ಇವುಗಳಲ್ಲಿ ನಿಂತ ಅಂಗೈ ನೀರಿನಲ್ಲಿ ಡೆಂಗಿಯ ಸೊಳ್ಳೆ ಒಂದು ವಾರ ಹತ್ತು ದಿನದಲ್ಲಿ ಹಾರುವಷ್ಟಾಗುತ್ತದೆ. ಪಂಚಾಯತಿನವರು ಹೊಗೆ ಹಾಕಿದರೆ ಹಾರುವ ಸೊಳ್ಳೆ ಸಾಯಬಹುದು, ಹಾಳೆಯೊಳಗಿನ ಮರಿ ಸಾಯದು. ವಾರಕ್ಕೊಮ್ಮೆ ಹಾಳೆ ಮಗುಚುವುದು ತೋಟದವರದೇ ಕೆಲಸ.

ಪಾಯಿಖಾನೆ ಗುಂಡಿ ಬದಲಿಸಿದ ಮೇಲೆ ಬಾವಿ ನೀರನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಡಿ. ಮೊದಲು ಅರ್ಧ ನೀರು ಪಂಪಿನಿಂದ ಖಾಲಿ ಮಾಡಿ, ಕ್ಲೋರಿನ್ ವಾಸನೆ ಪೂರ್ತಿ ಹೋದ ಮೇಲೆಯೇ ನೀರು ತೆಗೆಯಿರಿ. ಎರಡೂ ವರದಿಗಳನ್ನು ರಶೀದಿಯ ಜೊತೆ ಒಂದೇ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಆಟಿಗೆ ಬೇಕಾಗಬಹುದು.