ಕಿವಿಯಲ್ಲಿರುವುದನ್ನು ಗಿಟಾರಿಗೆ ತರುವ ಬಗೆ

ಗಿಟಾರ್ ಕಲಿಯತೊಡಗಿದವರು ಎದೆಗುಂದುವುದು ಹೆಚ್ಚಾಗಿ ಎಫ್ ಮೇಜರ್ ಕಾರ್ಡಿನ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತದ) ಮುಂದೆ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಒತ್ತಿದರೂ ಸ್ವರ ಹೊರಡುವುದಿಲ್ಲ. ಕಾಸರಗೋಡಿನ ಕಡೆಯವರು ಅದನ್ನು ಸದ್ಯಕ್ಕೆ ಬದಿಗಿಟ್ಟು, ಯಕ್ಷಗಾನದಲ್ಲೂ ಭಜನಾ ಮಂದಿರದಲ್ಲೂ ಚಿಕ್ಕಂದಿನಿಂದ ಕೇಳಿ ಬಲ್ಲ ಮೋಹನ ರಾಗದಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ.

ತೀರ ತೆಳುವಾದ ತಂತಿಯನ್ನು ಒಂದನೆಯದೆಂದು ಎಣಿಸಿ. ಐದನೆಯ ತಂತಿಯ 3ನೆಯ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲೆ ಅಡ್ಡಪಟ್ಟಿಗಳಿಂದಾದ ಮನೆಯಲ್ಲಿ) ಷಡ್ಜ, ನಾಲ್ಕನೆಯದನ್ನು ಒತ್ತದೆ ಮೀಟಿದರೆ ರಿಷಭ, ಅದರ 2ನೆಯ ಫ್ರೆಟ್ಟಿನಲ್ಲಿ ಗಾಂಧಾರ, ಮೂರನೆಯದನ್ನು ಒತ್ತದೆ ಮೀಟಿದರೆ ಪಂಚಮ, ಅದರ 2ನೆಯ ಫ್ರೆಟ್ಟಿನಲ್ಲಿ ಧೈವತ, ಎರಡನೆಯ ತಂತಿಯ 1ನೆಯ ಫ್ರೆಟ್ಟಿನಲ್ಲಿ ಮೇಲಿನ ಷಡ್ಜ. ಲಯ ತೋರಿಸುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇರಿಸಿ, ತಪ್ಪಿದರೂ ಹಿಂದಕ್ಕೆ ಹೋಗದೆ ಅವರೋಹಣ ಮುಗಿಯುವ ತನಕ ನುಡಿಸಿ. ನಿಲ್ಲದೆ ಮುಂದುವರಿಯುವುದನ್ನೂ ಬೆರಳಿಗೆ ಕಲಿಸಬೇಕಾಗುತ್ತದೆ.

ಹೀಗೆ ನುಡಿಸಿದಾಗ ಸ್ವರಗಳು ಸರಿಯಿದ್ದರೂ ಹಾರ್ಮೋನಿಯಂ ಮನೆಗಳನ್ನು ಒತ್ತಿದಂತೆ ರಾಗ ಬಿಡಿಬಿಡಿಯಾಗಿ ಕೇಳಿಸುತ್ತದೆ, ಏಕೆಂದರೆ ಒತ್ತದೆ ಬಿಟ್ಟ ತಂತಿಯ ರಿಷಭವನ್ನು ಜಾರಿಸಲಾಗದು, ಅಲುಗಿಸಲೂ ಆಗದು. ಆದ್ದರಿಂದ ಷಡ್ಜ, ರಿಷಭ, ಗಾಂಧಾರ ಮೂರನ್ನೂ ಐದನೆಯ ತಂತಿಯಲ್ಲೇ 3, 5 ಮತ್ತು 7ನೆಯ ಫ್ರೆಟ್ಟುಗಳಲ್ಲಿ ಹಿಡಿದು, ಬೆರಳೆತ್ತದೆ ಒಂದರಿಂದ ಇನ್ನೊಂದಕ್ಕೆ ಜಾರಿಸಿ ನೋಡಿ. (ಮಳೆಗಾಲದಲ್ಲಿ ನುಡಿಸಿದ ಮೇಲೆ ಉಕ್ಕಿನ ತಂತಿಗಳನ್ನು ಒಣಬಟ್ಟೆಯಿಂದ ಒರಸದಿದ್ದರೆ ತುಕ್ಕು ಹಿಡಿದು, ಜಾರು ಎಂಬುದು ಉಜ್ಜುವ ಕೆಲಸವಾಗುತ್ತದೆ.) ಒಂದೇ ಪದ್ಯವನ್ನು ಇಬ್ಬರು ಭಾಗವತರು ಹಾಡಿದಾಗ ಅದು ಬೇರೆಯಾಗುವುದು ಎಲ್ಲಿ ಜಾರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದರಲ್ಲಿ, ನಿಮ್ಮ ಶೈಲಿಯನ್ನೂ ಅಲ್ಲಿಯೇ ಹುಡುಕಬೇಕು. ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಕೇಳಿದರೆ, ಇತರರಿಂದ ಎತ್ತಿಕೊಂಡದ್ದು ಯಾವುದು, ತಾನಾಗಿ ಬಂದದ್ದು ಯಾವುದು ಎಂದು ಗೊತ್ತಾಗುತ್ತದೆ.

ಹಾಡಿಗೆ ಜೊತೆಗೂಡಲು ಸಿ ಮೇಜರ್ ಮತ್ತು ಎ ಮೈನರ್ ಸಾಕು. ಇವೆರಡರ ಸ್ವರಗಳೆಲ್ಲ ಮೋಹನದವೇ. ಜಿ ಮೇಜರಿನಲ್ಲಾದರೋ ಮೋಹನಕ್ಕೆ ಸಲ್ಲದ ನಿಷಾದ ನುಸುಳುತ್ತದೆ.

ಮನೆಯವರ ಮುಂದೆ ನಾಲ್ಕಾರು ಸಲ ನುಡಿಸಿದ ಬಳಿಕ, ಭಜನೆಯಲ್ಲಿ ಹಾರ್ಮೋನಿಯಂನವರ ಪಕ್ಕ ಕುಳಿತು ಮೆಲ್ಲಗೆ ಜೊತೆಗೂಡಿ. ಶ್ರುತಿ ‘ಬಿಳಿ ಒಂದು’ (ಹಾರ್ಮೋನಿಯಂನ ಮೊದಲ ಬಿಳಿ ಮನೆ, ಅಂದರೆ ಸಿ) ಆದರೆ ಕಲಿತದ್ದೇ ಹೊಂದುತ್ತದೆ. ‘ಕಪ್ಪು ಒಂದು’ ಆದರೆ ಕ್ಯಾಪೊವನ್ನು (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪನ್ನು) 1ನೆಯ ಫ್ರೆಟ್ಟಿಗೆ, ‘ಬಿಳಿ ಎರಡು’ ಆದರೆ 2ನೆಯದಕ್ಕೆ, ‘ಕಪ್ಪು ಎರಡು’ ಆದರೆ 3ನೆಯದಕ್ಕೆ ಸಿಕ್ಕಿಸಿದರಾಯಿತು, ಬೆರಳಿನ ಹಿಡಿತ ಬದಲಾಗದು. ಕೊನೆಯಲ್ಲಿ ಮಧ್ಯಮಾವತಿಯಲ್ಲಿ ಮಂಗಳ ಹಾಡತೊಡಗಿದರೆ ಮಾತ್ರ ಗಿಟಾರನ್ನು ಕೆಳಗಿಟ್ಟು ತಾಳ ಹಿಡಿಯಿರಿ. ಅದರ ಮಧ್ಯಮ, ನಿಷಾದಗಳನ್ನು ಮುಂದಿನ ವಾರ ಹುಡುಕಿಕೊಳ್ಳಬಹುದು.