ಒಂದೇ ಕ್ಲಾಸ್, ಹಲವು ಫೈಲ್: ಸಿ ಶಾರ್ಪ್‌ನಲ್ಲಿ ಪಾರ್ಷಿಯಲ್ ಬಳಸುವುದು ಹೇಗೆ?

ವಿಂಡೋಸ್ ಫಾರ್ಮ್ಸ್ ಪ್ರಾಜೆಕ್ಟಿಗೆ ಹೊಸ ಫಾರ್ಮ್ (ಬಟನ್ ಮೊದಲಾದವುಗಳಿರುವ ಕಿಟಕಿ) ಸೇರಿಸಿದಾಗ, ಕೋಡ್ ಬರೆಯುವ ಉಪಕರಣವಾದ ವಿಷುಯಲ್ ಸ್ಟುಡಿಯೊ ಎರಡು ಸಿ ಶಾರ್ಪ್ ಫೈಲ್‌ಗಳನ್ನು ತೆರೆದಿಡುತ್ತದೆ. ಒಂದು ನಾವು ಕೋಡ್ ಬರೆಯುವುದಕ್ಕೆ. ಹೆಸರಿನಲ್ಲಿ ‘ಡಿಸೈನರ್’ ಎಂದಿರುವ ಇನ್ನೊಂದು, ಬಟನ್ ಎಲ್ಲಿರಬೇಕು, ಅದರ ಅಳತೆ ಎಷ್ಟು ಎಂಬುದನ್ನೆಲ್ಲ ಉಪಕರಣವೇ ಬರೆದುಕೊಳ್ಳುವುದಕ್ಕೆ. ಎರಡರಲ್ಲೂ ಇರುವುದು ಒಂದೇ ಕ್ಲಾಸ್, ಅಂದರೆ ದತ್ತಾಂಶವನ್ನೂ (ಫೀಲ್ಡ್) ಅದರ ಮೇಲೆ ನಡೆಯುವ ಕೆಲಸಗಳನ್ನೂ (ಮೆಥಡ್) ಒಟ್ಟಿಗಿಡುವ ಕೋಡಿನ ಘಟಕ. 2005ರಲ್ಲಿ ಸಿ ಶಾರ್ಪ್ 2.0 ಜೊತೆ ಬಂದ ‘ಪಾರ್ಷಿಯಲ್’ ಎಂಬ ಕೀವರ್ಡ್ ಇದನ್ನು ಸಾಧ್ಯವಾಗಿಸಿತು.

ಇನ್‌ವಾಯ್ಸ್ ಎಂಬ ಕ್ಲಾಸನ್ನು ನೀವೇ ಹೀಗೆ ಹಂಚಬೇಕಿದೆ ಎಂದುಕೊಳ್ಳಿ. ಮೊದಲು ಮೂಲ ಫೈಲಿನಲ್ಲಿ ಕ್ಲಾಸ್ ಎಂಬ ಪದಕ್ಕೆ ಸರಿಯಾಗಿ ಮುಂಚೆ ಪಾರ್ಷಿಯಲ್ ಸೇರಿಸಿ. ‘ಪಬ್ಲಿಕ್ ಪಾರ್ಷಿಯಲ್ ಕ್ಲಾಸ್’ ಎಂಬ ಕ್ರಮ ಸರಿ. ಪಾರ್ಷಿಯಲ್ ಮುಂದೆ ಬಂದು ಪಬ್ಲಿಕ್ ಅದರ ನಂತರ ಬಂದರೆ ಕಂಪೈಲರ್ ಒಪ್ಪುವುದಿಲ್ಲ. ಆಮೇಲೆ ಎರಡನೆಯ ಫೈಲ್ ತೆರೆದು, ಅದೇ ನೇಮ್‌ಸ್ಪೇಸ್‌ನೊಳಗೆ (ಕ್ಲಾಸ್‌ಗಳ ಹೆಸರುಗಳನ್ನು ಗುಂಪು ಮಾಡುವ ಆವರಣ), ಅದೇ ಹೆಸರಿನ ಕ್ಲಾಸನ್ನು ಪಾರ್ಷಿಯಲ್ ಎಂದೇ ಘೋಷಿಸಿ, ಸಂಬಂಧಪಟ್ಟ ಮೆಥಡ್‌ಗಳನ್ನು ಅಲ್ಲಿಗೆ ಸಾಗಿಸಿ. ಒಂದು ಕಡೆ ಕೀವರ್ಡ್ ಮರೆತರೆ ಸಿಎಸ್0260 ಎಂಬ ದೋಷ ಕಾಣಿಸುತ್ತದೆ. ಅದನ್ನು ಸರಿಪಡಿಸುವುದು ಕ್ಷಣದ ಕೆಲಸ.

ನಿಜವಾಗಿ ಸತಾಯಿಸುವುದು ನೇಮ್‌ಸ್ಪೇಸ್. ಹೊಸ ಫೈಲನ್ನು ಉಪಫೋಲ್ಡರಿನಲ್ಲಿ ಸೃಷ್ಟಿಸಿದಾಗ ಎಡಿಟರ್ ಆ ಫೋಲ್ಡರಿನ ಹೆಸರನ್ನೂ ನೇಮ್‌ಸ್ಪೇಸ್‌ಗೆ ಅಂಟಿಸಿಬಿಡುವುದುಂಟು. ಆಗ ಕಂಪೈಲರ್ ಪಾಲಿಗೆ ಅವು ಎರಡು ಬೇರೆ ಕ್ಲಾಸ್‌ಗಳು. ಘೋಷಣೆಯ ಸಾಲಿನಲ್ಲಿ ಯಾವ ಆಕ್ಷೇಪವೂ ಏಳದೆ, ಪಕ್ಕದ ಫೈಲಿನಲ್ಲಿ ಕಣ್ಣೆದುರೇ ಇರುವ ಫೀಲ್ಡ್ ‘ಇಲ್ಲ’ ಎಂಬ ದೂರು ಮತ್ತೆಲ್ಲೋ ಬರುತ್ತದೆ. ನಾನು ಒಂದು ಮಧ್ಯಾಹ್ನವನ್ನೇ ಇದಕ್ಕೆ ತೆತ್ತಿದ್ದೇನೆ. ಹಾಗೆಯೇ, ಎಲ್ಲ ಭಾಗಗಳೂ ಒಂದೇ ಅಸೆಂಬ್ಲಿಯಲ್ಲಿ, ಅಂದರೆ ಕಂಪೈಲ್ ಆಗಿ ಹೊರಬರುವ ಒಂದೇ ಪ್ರೋಗ್ರಾಂ ಅಥವಾ ಲೈಬ್ರರಿಯಲ್ಲಿ, ಇರಬೇಕು. ಬೇರೊಂದು ಲೈಬ್ರರಿಯ ಕ್ಲಾಸಿಗೆ ಹೊರಗಿನಿಂದ ಭಾಗ ಸೇರಿಸಲು ಬರುವುದಿಲ್ಲ.

ಕಂಪೈಲ್ ಆಗುವಾಗ ಭಾಗಗಳು ಕೂಡಿ ಒಂದೇ ಟೈಪ್ ಆಗುವುದರಿಂದ, ಒಂದು ಫೈಲಿನ ಪ್ರೈವೇಟ್ ಫೀಲ್ಡ್ ಇನ್ನೊಂದರಲ್ಲಿ ನೇರವಾಗಿ ಸಿಗುತ್ತದೆ. ಬೇಸ್ ಕ್ಲಾಸನ್ನು (ಈ ಕ್ಲಾಸ್ ಯಾವುದರಿಂದ ಗುಣಗಳನ್ನು ಪಡೆಯುತ್ತದೋ ಅದನ್ನು) ಒಂದು ಕಡೆ ಬರೆದರೆ ಸಾಕು, ಹಲವು ಕಡೆ ಬರೆದರೆ ಅದು ಒಂದೇ ಆಗಿರಬೇಕು. ಇಂಟರ್‌ಫೇಸ್‌ಗಳು (ಕ್ಲಾಸಿನಲ್ಲಿ ಏನೇನಿರಬೇಕು ಎಂಬ ಕರಾರುಗಳು) ಮಾತ್ರ ಎಲ್ಲ ಭಾಗಗಳಿಂದಲೂ ಒಟ್ಟುಗೂಡುತ್ತವೆ. ಸ್ಟ್ರಕ್ಟ್ ಮತ್ತು ಇಂಟರ್‌ಫೇಸ್‌ಗಳನ್ನೂ ಹೀಗೆ ಹಂಚಬಹುದು, ಈನಮ್ (ಹೆಸರಿಟ್ಟ ಬೆಲೆಗಳ ಪಟ್ಟಿ) ಮತ್ತು ಡೆಲಿಗೇಟ್‌ಗಳನ್ನು (ಮೆಥಡನ್ನು ಸೂಚಿಸುವ ಟೈಪ್) ಆಗದು. ಫೀಲ್ಡ್‌ಗಳಿಗೆ ಆರಂಭಿಕ ಬೆಲೆ ಕೊಡುವಾಗ ಎಚ್ಚರ ಬೇಕು: ಒಂದು ಫೈಲಿನೊಳಗೆ ಮೇಲಿನಿಂದ ಕೆಳಕ್ಕೆ ಎಂಬ ಕ್ರಮ ಖಚಿತ, ಆದರೆ ಯಾವ ಫೈಲ್ ಮೊದಲು ಎಂಬುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಂದರ ಬೆಲೆ ಇನ್ನೊಂದನ್ನು ನೆಚ್ಚಿಕೊಂಡಿದ್ದರೆ ಎರಡನ್ನೂ ಒಂದೇ ಫೈಲಿನಲ್ಲಿಡಿ.

ಎರಡು ಸಾವಿರ ಸಾಲಿನ ಕ್ಲಾಸನ್ನು ನಾಲ್ಕು ಫೈಲಿಗೆ ಹಂಚಿದರೆ ಅದೇನೂ ಚಿಕ್ಕದಾಗುವುದಿಲ್ಲ, ಹುಡುಕುವ ಕೆಲಸವಷ್ಟೇ ಹೆಚ್ಚುತ್ತದೆ. ಅಂಥದ್ದನ್ನು ಬೇರೆ ಬೇರೆ ಕ್ಲಾಸ್‌ಗಳಾಗಿ ಒಡೆಯುವುದೇ ಸರಿ. ಪಾರ್ಷಿಯಲ್‌ಗೆ ತಕ್ಕ ಜಾಗ, ಉಪಕರಣ ಬರೆಯುವ ಕೋಡ್ ಮತ್ತು ಕೈಯಲ್ಲಿ ಬರೆಯುವ ಕೋಡ್ ಸಂಧಿಸುವ ಗಡಿ. ಅಲ್ಲಿ ಪಾರ್ಷಿಯಲ್ ಮೆಥಡ್‌ಗಳೂ ನೆರವಾಗುತ್ತವೆ. ಉಪಕರಣವು ತನ್ನ ಫೈಲಿನಲ್ಲಿ, ಏನನ್ನೂ ಹಿಂದಿರುಗಿಸದ ಒಂದು ಮೆಥಡನ್ನು ಬರಿದೇ ಘೋಷಿಸಿ, ಬೇಕಾದಲ್ಲಿ ಕರೆಯುತ್ತದೆ. ನಿಮ್ಮ ಫೈಲಿನಲ್ಲಿ ಅದಕ್ಕೆ ಒಡಲು ಬರೆದರೆ ಅದು ಓಡುತ್ತದೆ. ಬರೆಯದಿದ್ದರೆ ಕಂಪೈಲರ್ ಆ ಕರೆಯನ್ನೇ ಅಳಿಸಿಹಾಕುತ್ತದೆ. ಉಪಕರಣದ ಫೈಲನ್ನು ಎಷ್ಟು ಸಲ ಹೊಸದಾಗಿ ಬರೆಸಿದರೂ ನಿಮ್ಮ ಸಾಲುಗಳು ಇದ್ದಲ್ಲೇ ಇರುತ್ತವೆ.